ಬೌಲಿಂಗ್ ವಿಡಿಯೊದಿಂದ ಸರಾಸರಿ ಜವದ ಪಾಠ

ಒಂಬತ್ತನೇ ತರಗತಿಗೆ ‘ಚಲನೆ’ ಘಟಕ ಬೋಧಿಸುತ್ತಿದ್ದಾಗ ನಮ್ಮ ಧಾರವಾಡ ಶಾಲೆಯ ವಿದ್ಯಾರ್ಥಿನಿಯೊಬ್ಬಳಿಗೆ ಕ್ರಿಕೆಟ್ ಆಯ್ಕೆಗೆ ಕಳಿಸಲು ಬೌಲಿಂಗ್ ವಿಡಿಯೊ ಬೇಕಿತ್ತು. ಅದನ್ನೇ ಪಾಠೋಪಕರಣ ಮಾಡಿಕೊಂಡೆ.

ಚಟುವಟಿಕೆ: ಎರಡೂ ಪಾಪಿಂಗ್ ಕ್ರೀಸ್ ಕಾಣುವಂತೆ ಮೊಬೈಲನ್ನು ಪಿಚ್ಚಿನ ಮಗ್ಗುಲಲ್ಲಿ ಅಲುಗದಂತೆ ನಿಲ್ಲಿಸಿದೆವು. ಸೆಕೆಂಡಿಗೆ 30 ಫ್ರೇಮ್. ಕ್ರೀಸುಗಳ ಅಂತರ 17.68 ಮೀಟರ್. ಚೆಂಡು ದಾಟಿದ್ದು 27 ಫ್ರೇಮಿನಲ್ಲಿ, ಅಂದರೆ 0.9 ಸೆಕೆಂಡಿನಲ್ಲಿ. ಮಕ್ಕಳು ಲೆಕ್ಕ ಹಾಕಿದ ಸರಾಸರಿ ಜವ ಗಂಟೆಗೆ 71 ಕಿ.ಮೀ.

ಚರ್ಚೆ: “ಸ್ಲೋ ಮೋಷನ್ ಹಾಕಿದ್ರ ಚಲೋ ಕಾಣ್ತೈತಲ್ರೀ ಸರ್?” ಎಂದನೊಬ್ಬ. “ಹಂಗಾದ್ರ ನೋಡೋರು ಟೈಮ್ ಹೆಂಗ್ ಎಣಿಸ್ತಾರ?” ಎಂದಳು ಆಕೆ. ಕತ್ತರಿಸದ, ಸಹಜ ಗತಿಯ ವಿಡಿಯೊವನ್ನೇ ಆರಿಸಿದೆವು.

ಮೌಲ್ಯಮಾಪನ: ಎಣಿಕೆಯಲ್ಲಿ ಒಂದು ಫ್ರೇಮ್ ಹೆಚ್ಚುಕಡಿಮೆಯಾದರೆ ಉತ್ತರ ಸುಮಾರು 2.5 ಕಿ.ಮೀ. ಬದಲಾಗುತ್ತದೆ. ಇದನ್ನು ಕಂಡುಕೊಂಡ ಆಕೆ, ವಿಡಿಯೊ ಜೊತೆಗಿನ ಪತ್ರದಲ್ಲಿ 71ರ ಹಿಂದೆ ‘ಸುಮಾರು’ ಎಂದು ತಾನೇ ಸೇರಿಸಿದಳು.