ಮುಧೋಳ ನಾಯಿ: ಮರಿಯಿಂದ ಮುಪ್ಪಿನವರೆಗೆ

ಮುಧೋಳದ ಬೇಟೆನಾಯಿಯನ್ನು ಬೆಂಗಳೂರಿನ ನಮ್ಮ ಪದ್ಮನಾಭನಗರದಲ್ಲೂ ಸಾಕುವವರಿದ್ದಾರೆ. ಆದರೆ ಓಡಲು ಹೊಲವಿರುವ ರೈತರ ಮನೆಯೇ ಅದಕ್ಕೆ ತಕ್ಕ ಜಾಗ.

ಮರಿಯನ್ನು 8 ವಾರದವರೆಗೆ ತಾಯಿಯಿಂದ ಅಗಲಿಸಬಾರದು. 2ನೆಯ ವಾರದಿಂದಲೇ ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧಿ ಕೊಡಬೇಕು. 3 ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪ್ರತಿ ವರ್ಷವೂ ಮುಂದುವರಿಸಿರಿ.

ಬೆಳೆದ ನಾಯಿಗೆ ಎರಡು ಹೊತ್ತಿನ ಆಹಾರ ಸಾಕು. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುವ ರೂಢಿ ಅಪಾಯಕರ. ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಅಂಗಳದಲ್ಲಿ ಹರಡಿ ಮಕ್ಕಳ ಹೊಟ್ಟೆ ಸೇರುತ್ತವೆ. ಮನುಷ್ಯರ ಪಿತ್ತಜನಕಾಂಗದಲ್ಲೂ ಅಂಥದೇ ಗುಳ್ಳೆಗಳೇಳುತ್ತವೆ. ಇಂಥ ಭಾಗಗಳನ್ನು ಆಳವಾಗಿ ಹೂಳಿರಿ ಅಥವಾ ಸುಟ್ಟುಹಾಕಿರಿ.

8 ವರ್ಷ ದಾಟಿದ ನಾಯಿಗೆ ಮೆದು ಆಹಾರ, ಗೋಣಿಯ ಹಾಸು ಬೇಕು. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ; ಚಳಿ ಬೇಗ ತಟ್ಟುತ್ತದೆ.