ಹೃದಯದ ವಿದ್ಯುತ್ ರೇಖೆ: ಕೆಲವು ಶಂಕೆಗಳು, ಸಮಾಧಾನಗಳು



ನಮ್ಮ ಪರಿಚಯದ ಹಿರಿಯರೊಬ್ಬರು ದಶಲಕ್ಷಣ ಪರ್ವದಲ್ಲಿ ಒಂದು ದಿನ ಉಪವಾಸ, ಒಂದು ದಿನ ಏಕಾಶನವೆಂಬ ಕ್ರಮದಿಂದ ವ್ರತವನ್ನು ನಡೆಸುತ್ತಿದ್ದರು. ರಕ್ತದೊತ್ತಡಕ್ಕಾಗಿ ವೈದ್ಯರು ಕೊಟ್ಟಿದ್ದ, ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಏಕಾಶನದ ಹೊತ್ತಿನಲ್ಲಿ ಸೇವಿಸುತ್ತಿದ್ದರು. ಎಂಟನೆಯ ದಿನ ತಲೆಸುತ್ತು ಬಂದು ಎದೆ ಡವಗುಟ್ಟಿತು. ಮಕ್ಕಳು ಆಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ತೆಗೆಸಿದರು. ಆಹಾರ ಸರಿಯಾಗಿದೆಯೇ ಎಂದು ವೈದ್ಯರು ಕೇಳಿದಾಗ, ವ್ರತವನ್ನು ಬಿಡಿಸಿಯಾರೆಂಬ ಅಂಜಿಕೆಯಿಂದ ಹಿರಿಯರು ‘ಇದೆ’ ಎಂದುಬಿಟ್ಟರು. ರೇಖೆಯಲ್ಲಿ ವ್ಯತ್ಯಾಸವು ಕಂಡಿತು. ಕಾರಣವು ಮಾತ್ರ ಕಾಣಲಿಲ್ಲ. ಮರುದಿನ ಮಗನು ನಿಜವನ್ನು ತಿಳಿಸಿದ ಮೇಲೆಯೇ ರಕ್ತ ಪರೀಕ್ಷೆಯಾಗಿ, ಪೊಟ್ಯಾಸಿಯಂ ಬಹಳ ಇಳಿದಿದೆಯೆಂದು ತಿಳಿದುಬಂದಿತು. ಈ ಪ್ರಸಂಗವೇ ಇಂದಿನ ಪಾಠಕ್ಕೆ ನಿಮಿತ್ತ.

ಶಂಕೆ: ಯಂತ್ರವು ಬರೆದ ರೇಖೆಯು ತಪ್ಪಾಗಲು ಸಾಧ್ಯವೇ?

ಸಮಾಧಾನ: ಯಂತ್ರವು ಹೃದಯವನ್ನು ನೋಡುವುದಿಲ್ಲ, ಚರ್ಮದವರೆಗೆ ಬಂದ ವಿದ್ಯುತ್ತನ್ನು ಮಾತ್ರ ಬರೆಯುತ್ತದೆ. ಅದು ಅತಿ ಸೂಕ್ಷ್ಮ. ವೋಲ್ಟಿನ ಸಾವಿರದಲ್ಲೊಂದು ಭಾಗವು ಕಾಗದದ ಮೇಲೆ 10 ಮಿಲಿಮೀಟರ್ ಎತ್ತರವಾಗುತ್ತದೆ. ಕಾಗದವು ಸೆಕೆಂಡಿಗೆ 25 ಮಿಲಿಮೀಟರಿನಂತೆ ಸರಿಯುತ್ತದೆ. ಇಷ್ಟು ಸೂಕ್ಷ್ಮವಾದುದರಲ್ಲಿ ಬೇರೆಯದು ಬೆರೆಯುವುದು ಸುಲಭ. ಚಳಿಯಿಂದ ಮೈ ನಡುಗಿದರೆ ಸ್ನಾಯುಗಳ ವಿದ್ಯುತ್ತೂ ಸೇರಿ, ನಾಡಿಯ ಬಡಿತವೇ ತಪ್ಪಿದಂತೆ ತೋರಬಹುದು. ಆಳವಾಗಿ ಉಸಿರೆಳೆದರೆ ರೇಖೆಯು ಏರಿಳಿಯುತ್ತದೆ. ಎಣ್ಣೆ, ಬೆವರು, ದಟ್ಟ ರೋಮ ಇದ್ದರೆ ಬಿಲ್ಲೆಗಳು ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ. ಕೋಣೆಯ ವಿದ್ಯುತ್ ತಂತಿಗಳ ಸೆಕೆಂಡಿಗೆ 50 ಸಲದ ಕಂಪನವೂ ಗೆರೆಯನ್ನು ಒರಟಾಗಿಸುವುದುಂಟು.

ಶಂಕೆ: ಒಂದೇ ಹೃದಯಕ್ಕೆ 12 ರೇಖೆಗಳು ಏತಕ್ಕೆ?

ಸಮಾಧಾನ: ಒಂದು ನಯದಿಂದ ವಸ್ತುವಿನ ಪೂರ್ಣ ಸ್ವರೂಪವು ತಿಳಿಯದೆಂಬುದನ್ನು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು, ಹೀಗೆ 10 ಬಿಲ್ಲೆಗಳಿಂದ 12 ದಿಕ್ಕುಗಳ ನೋಟವು ದೊರೆಯುತ್ತದೆ. ನಿಂತ ಸ್ಥಳವು ತಪ್ಪಿದರೆ ನೋಟವೂ ತಪ್ಪುತ್ತದೆ. ಎಡಗೈಯ ಹಾಗೂ ಬಲಗೈಯ ತಂತಿಗಳು ಅದಲುಬದಲಾದರೆ ಮೊದಲನೆಯ ರೇಖೆಯು ತಲೆಕೆಳಗಾಗುತ್ತದೆ. ಎದೆಯ ಮೊದಲೆರಡು ಬಿಲ್ಲೆಗಳ ಸ್ಥಾನವು ನಾಲ್ಕನೆಯ ಪಕ್ಕೆಲುಬಿನ ಕೆಳಗಣ ಸಂದು. ಅವನ್ನು ಮೇಲಕ್ಕೆ ಇರಿಸಿದರೆ, ಎಂದೂ ಆಗದ ಹೃದಯಾಘಾತವು ಹಿಂದೆ ಆಗಿತ್ತೆಂಬ ಭ್ರಮೆಯು ಹುಟ್ಟಬಹುದು.

ಶಂಕೆ: ಉಪವಾಸಕ್ಕೂ ರೇಖೆಗೂ ಏನು ಸಂಬಂಧ?

ಸಮಾಧಾನ: ಹೃದಯದ ವಿದ್ಯುತ್ತು ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳ ಚಲನೆಯಿಂದ ಉಂಟಾಗುವಂಥದು. ಪೊಟ್ಯಾಸಿಯಂ ಇಳಿದರೆ ‘ಟಿ’ ಎಂಬ ಅಲೆಯು ಚಪ್ಪಟೆಯಾಗಿ, ಅದರ ಹಿಂದೆ ‘ಯು’ ಎಂಬ ಮತ್ತೊಂದು ಅಲೆಯು ಏಳುತ್ತದೆ. ಏರಿದರೆ ‘ಟಿ’ ಅಲೆಯು ಗೋಪುರದಂತೆ ಮೊನಚಾಗುತ್ತದೆ. ಮೂತ್ರ ಹೆಚ್ಚಿಸುವ ಹಲವು ಗುಳಿಗೆಗಳು ಪೊಟ್ಯಾಸಿಯಮನ್ನು ಹೊರಹಾಕುತ್ತವೆ. ಆಹಾರವೂ ಕಡಿಮೆಯಾದರೆ ನಷ್ಟವು ತುಂಬುವುದಿಲ್ಲ. ಡಿಜಾಕ್ಸಿನ್ ಎಂಬ ಔಷಧವು ಸಹ ರೇಖೆಯ ಆಕಾರವನ್ನು ಬದಲಿಸುತ್ತದೆ. ಇಂಥ ವ್ಯತ್ಯಾಸವು ಯಂತ್ರದ ದೋಷವಲ್ಲ, ದೇಹದ ನಿಜಸ್ಥಿತಿಯೇ. ಆದರೆ ಕಾರಣವನ್ನು ಮರೆಮಾಚಿದರೆ ಅರ್ಥವು ಕೆಡುತ್ತದೆ.

ಶಂಕೆ: ರೇಖೆಯು ಸರಿಯಾಗಿದ್ದರೆ ನಿಶ್ಚಿಂತರಾಗಬಹುದೇ?

ಸಮಾಧಾನ: ಆಗದು. ಸಾಮಾನ್ಯ ಇ.ಸಿ.ಜಿ. ಸುಮಾರು 10 ಸೆಕೆಂಡುಗಳ ಲೇಖ. ಬಂದುಹೋಗುವ ಬಡಿತದ ದೋಷವು ಅದರಲ್ಲಿ ಸಿಕ್ಕದಿರಬಹುದು. ಅದಕ್ಕಾಗಿ 24 ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಮೈಮೇಲೆ ಇರಿಸುವ ಹೋಲ್ಟರ್ ಯಂತ್ರವುಂಟು. ಹೃದಯಾಘಾತದ ಆರಂಭದಲ್ಲಿಯೂ ಮೊದಲ ರೇಖೆಯು ಸಹಜವಾಗಿಯೇ ಇರಬಹುದು. ಆದುದರಿಂದಲೇ ವೈದ್ಯರು ಮತ್ತೆ ಮತ್ತೆ ರೇಖೆಯನ್ನು ತೆಗೆದು, ಟ್ರೋಪೊನಿನ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಎದೆನೋವು ಬಂದಾಗ ಹಳೆಯ ಕಾಗದವನ್ನು ನಂಬಿ ಮನೆಯಲ್ಲಿ ಕುಳಿತಿರಬಾರದು.

ಪರೀಕ್ಷೆಗೆ ಹೋಗುವ ಶ್ರಾವಕ-ಶ್ರಾವಿಕೆಯರು ಇಷ್ಟನ್ನು ನೆನಪಿಡಬೇಕು. ಎದೆಗೆ ಎಣ್ಣೆ ಸವರಿಕೊಂಡು ಹೋಗಬಾರದು. ಮಲಗಿದಾಗ ಕೈಕಾಲುಗಳನ್ನು ಸಡಿಲಬಿಟ್ಟು, ಮಾತನಾಡದೆ, ಸಹಜವಾಗಿ ಉಸಿರಾಡಬೇಕು. ಹಿಂದಿನ ಇ.ಸಿ.ಜಿ. ಇದ್ದರೆ ಒಯ್ಯಬೇಕು, ಹೊಸದು ಯಾವುದು, ಹಳೆಯದು ಯಾವುದು ಎಂಬುದು ಹೋಲಿಕೆಯಿಂದಲೇ ತಿಳಿಯುವುದು. ಸಾಮಾನ್ಯ ಇ.ಸಿ.ಜಿ.ಗೆ ಬರಿಹೊಟ್ಟೆ ಬೇಕಾಗಿಲ್ಲ. ಉಪವಾಸವೆಷ್ಟು ದಿನ, ನೀರು ಬಿಟ್ಟುದೆಷ್ಟು ಹೊತ್ತು, ಗುಳಿಗೆ ಯಾವುದು ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಗುಳಿಗೆ ಸೇವಿಸುವವರು ವ್ರತವನ್ನು ಕೈಗೊಳ್ಳುವ ಮುಂಚೆಯೇ ವೈದ್ಯರನ್ನು ವಿಚಾರಿಸುವುದು ಇನ್ನೂ ಉತ್ತಮ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದೇ ಹೇಳಿದೆ. ಶಕ್ತಿಯನ್ನು ಅಳೆಯಲು ಕುಳಿತವನ ಮುಂದೆ ಅಸತ್ಯವನ್ನಾಡಿ ವ್ರತವನ್ನು ಉಳಿಸಿಕೊಂಡರೆ, ಉಳಿದುದು ಯಾವ ವ್ರತ? ಆ ಹಿರಿಯರು ಈಗ ವೈದ್ಯರ ಸಮ್ಮತಿಯಿಂದ ಏಕಾಶನವನ್ನು ಮಾತ್ರ ಆಚರಿಸುತ್ತಾರೆ; ಕೇಳಿದವರಿಗೆಲ್ಲ ಈ ಕಥೆಯನ್ನು ತಾವೇ ಹೇಳುತ್ತಾರೆ.