ಫೀಸಿಗೆ ದುಡ್ಡು ಸಾಲದಾಗ: ಎಂಟು ಸೂತ್ರಗಳು

ಸಿಇಟಿ ಫಲಿತಾಂಶ ಬಂದ ವಾರ ಬೆಂಗಳೂರಿನ ಪದ್ಮನಾಭನಗರದ ಎಷ್ಟೋ ಮನೆಗಳಲ್ಲಿ ಖುಷಿಯ ಬೆನ್ನಿಗೇ ಲೆಕ್ಕಾಚಾರ ಶುರುವಾಗುತ್ತದೆ: ‘ಸೀಟೇನೋ ಸಿಗುತ್ತೆ, ದುಡ್ಡು?’ ಹಿಂದೆ ಓದಲು ಊರು ಬಿಟ್ಟು ಬಂದ ಬಡ ಹುಡುಗರು ವಾರಾನ್ನದಲ್ಲಿ ಓದಿದರು. ದಿನಕ್ಕೊಂದು ಮನೆಯ ಊಟ. ವಾರವಿಡೀ ಒಂದೇ ಮನೆಯವರು ಬಡಿಸುತ್ತಿರಲಿಲ್ಲ. ಫೀಸಿಗೂ ಅದೇ ಉಪಾಯ. ದೊಡ್ಡ ದಾನಿಗಾಗಿ ಕಾಯಬೇಡಿ, ಸಣ್ಣ ಮೊತ್ತಗಳನ್ನು ಕೂಡಿಸಿ.

1. ಕೊರತೆ ಎಷ್ಟೆಂದು ಬರೆದಿಡಿ
ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಓಡಾಟ, ಲ್ಯಾಪ್‌ಟಾಪ್ ಎಲ್ಲವೂ ಪಟ್ಟಿಯಲ್ಲಿರಲಿ. ಮೊದಲ ವರ್ಷದ್ದಷ್ಟೇ ಅಲ್ಲ, ಕೋರ್ಸ್ ಮುಗಿಯುವವರೆಗಿನದು.

2. ಸೀಟು ಆರಿಸುವಾಗಲೇ ಉಳಿಸಿ
ಮನೆ ಹತ್ತಿರದ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಿಂತ ಕೆ.ಆರ್. ಸರ್ಕಲ್‌ನ ಯುವಿಸಿಇ, ಎಸ್‌ಕೆಎಸ್‌ಜೆಟಿಐ ಎಂಜಿನಿಯರಿಂಗ್ ಕಾಲೇಜುಗಳು ಎಷ್ಟೋ ಅಗ್ಗ. ವರ್ಷದ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿಗೂ ಪ್ರಯತ್ನಿಸಿ. ಎಂಜಿನಿಯರಿಂಗ್‌ನಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ. ಉಳಿದ ಶುಲ್ಕ ಕಟ್ಟಬೇಕು.

3. ಕಾಗದಪತ್ರ ಮೊದಲು, ಅರ್ಜಿ ಆಮೇಲೆ
ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಪಡೆಯಿರಿ. ಅವುಗಳಲ್ಲಿರುವ ಆರ್‌ಡಿ ಸಂಖ್ಯೆಯನ್ನೇ ವಿದ್ಯಾರ್ಥಿವೇತನದ ಅರ್ಜಿ ಕೇಳುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಸ್.’, ಆಧಾರ್‌ನಲ್ಲಿ ‘ಎಸ್. ಮಂಜುನಾಥ’ ಎಂದಿದ್ದರೆ ಮೊದಲು ಸರಿಪಡಿಸಿ. ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?’ ಎಂದೇ ಕೇಳಿ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೇ ಬೀಳುತ್ತದೆ. ಮರೆತೇಹೋದ ಹಳೇ ಖಾತೆಗೆ ಹಣ ಹೋಗಿ, ‘ಬಂದೇ ಇಲ್ಲ’ ಎಂದು ಅಲೆಯುವವರುಂಟು.

4. ಎರಡೂ ಪೋರ್ಟಲ್ ತೆರೆಯಿರಿ
ವಿದ್ಯಾರ್ಥಿವೇತನಕ್ಕೆ ರಾಜ್ಯದ್ದು ಎಸ್‌ಎಸ್‌ಪಿ, ಕೇಂದ್ರದ್ದು ಎನ್‌ಎಸ್‌ಪಿ. ಊರಿಂದ ಬಂದು, ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿರುವ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ನೆರವು. ಪಿಯುಸಿಯಲ್ಲಿ ಒಳ್ಳೆಯ ಅಂಕವಿದ್ದು ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಯೋಜನೆಯಲ್ಲಿ ಪದವಿಗೆ ವರ್ಷಕ್ಕೆ 12,000. ಒಂದು ಪಡೆದರೆ ಇನ್ನೊಂದು ಸಿಗದ ನಿಯಮಗಳಿವೆ, ದೊಡ್ಡದನ್ನು ಹಿಡಿಯಿರಿ.

5. ಊರಿನ ಪಹಣಿ, ಅಪ್ಪನ ಕಾರ್ಡು ಹುಡುಕಿ
ಮನೆ ಬೆಂಗಳೂರಲ್ಲಿದ್ದರೂ ಜಮೀನು ಮಂಡ್ಯದಲ್ಲೋ ಹಾಸನದಲ್ಲೋ ಅಪ್ಪನ ಹೆಸರಲ್ಲಿರಬಹುದು. 2021ರಲ್ಲಿ ಶುರುವಾದ ‘ರೈತ ವಿದ್ಯಾನಿಧಿ’ ರೈತರ ಮಕ್ಕಳಿಗೆಂದೇ ಇದೆ. ಅದಕ್ಕೆ ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕು. ಗಾರೆ, ಬಣ್ಣ, ಸೆಂಟ್ರಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳ ಓದಿಗೆ ಅಲ್ಲಿಯೂ ಸಹಾಯಧನವಿದೆ.

6. ಹೆಣ್ಣುಮಕ್ಕಳು ಫೌಂಡೇಶನ್‌ಗಳನ್ನು ಬಿಡಬೇಡಿ
ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ವಿಜ್ಞಾನ, ಎಂಜಿನಿಯರಿಂಗ್ ಸೇರಿದವರಿಗೆ ಇನ್ಫೊಸಿಸ್ ಫೌಂಡೇಶನ್‌ನ ಸ್ಟೆಮ್ ಸ್ಟಾರ್ಸ್ ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುತ್ತದೆ.

7. ಸಂಜೆ ಮನೆಪಾಠ ಹೇಳಿ
ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಖರ್ಚು ತೂಗಿಸಿದ್ದು ಹೀಗೆಯೇ. ಬನಶಂಕರಿ, ಜಯನಗರ ಸುತ್ತ ಶಾಲಾ ಮಕ್ಕಳಿಗೆ ಬರವಿಲ್ಲ. ಗಣಿತಕ್ಕಂತೂ ಕೇಳಿ ಬರುತ್ತಾರೆ. ಖರ್ಚಿನ ಕಡೆ, ಹುಡುಗಿಯರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣವಿದೆ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಿ. ಹಳೇ ಪುಸ್ತಕಕ್ಕೆ ಮೊದಲು ಅವೆನ್ಯೂ ರಸ್ತೆಗೆ ಹೋಗಿ, ಆಮೇಲೆ ಹೊಸದು ಕೊಳ್ಳಿ.

8. ಸಾಲ ಕೊನೆಗೆ, ಅದೂ ಬ್ಯಾಂಕಿನಲ್ಲೇ
ಮೇಲಿನದ್ದೆಲ್ಲ ಕೂಡಿಸಿ ಕಳೆದ ಮೇಲೆ ಉಳಿದಷ್ಟಕ್ಕೇ ಸಾಲ ಮಾಡಿ. ಸಾಮಾನ್ಯ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ಯಲ್ಲಿ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಜಾಮೀನೂ ಬೇಡ, ಆದಾಯ 8 ಲಕ್ಷದೊಳಗಿನವರಿಗೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಓದುವಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಬಂದರೆ ಮುಂದೆ ಹೊರೆ ಹಗುರ. ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಲೇಬೇಡಿ. ಅದಕ್ಕಿಂತ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು, ಫೀಸನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ. ಕೇಳಿದವರಿಗೆಲ್ಲ ಸಿಗದಿರಬಹುದು, ಕೇಳದವರಿಗಂತೂ ಸಿಗುವುದಿಲ್ಲ.